ಹಿತ್ತಲಿನ ಡ್ಯೂಟಿ

ಮೂವತ್ತನಾಲ್ಕು ವರ್ಷ ಊರಿನ ಜನರನ್ನೆಲ್ಲ "ಮಲಕ್ಕೊಳ್ಳಿ, ಏಳಬೇಡಿ, ಕೆಲಸ ಎಲ್ಲಿಗೂ ಓಡಿಹೋಗಲ್ಲ" ಎಂದು ಗದರಿಸಿ ಹಾಸಿಗೆಗೆ ಅಂಟಿಸಿದ ಹೆಂಗಸು, ತನ್ನ ಸರದಿ ಬಂದಾಗ ಮಾತ್ರ ಹಗಲು ಹೊತ್ತು ಒಂದು ನಿಮಿಷ ಒರಗಲಾರೆ ಎಂದು ಹಟ ಹಿಡಿದರೆ ಏನೆನ್ನಬೇಕು? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಎನ್ನಬೇಕು, ಇನ್ನೇನು. ಸಿಸ್ಟರಮ್ಮ ಬಿದ್ದದ್ದು ಬಾನಿಗಲ್ಲ, ತಮ್ಮ ಮನೆಯ ಹಿತ್ತಲಿಗೆ.

ಸಿಸ್ಟರಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ದೊಡ್ಡಾಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿದ್ದರೂ, ಯಾರ ಮನೆಯ ಮಗು ಮಂಡಿ ತರಚಿಕೊಂಡರೂ ಮೊದಲು ಬಡಿಯುವುದು ಅವರ ಬಾಗಿಲನ್ನೇ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಂಡವರಲ್ಲ. ತಮ್ಮ ಮತ್ತು ಅವನ ಹೆಂಡತಿಯ ಜೊತೆ, ಅಪ್ಪ ಕಟ್ಟಿಸಿದ ಮನೆಯಲ್ಲಿ, ಮುಂದಿನ ಕೋಣೆ ಅವರದು. ತಮ್ಮನಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ. ದಿನವಿಡೀ ಕೂದಲೆಳೆಯಷ್ಟು ತೆಳ್ಳಗಿನ ತಿರುಪುಗಳನ್ನು ತಿರುಗಿಸಿ ಕೂತು ಬರುವ ಅವನಿಗೆ ಮಣ್ಣು ಮುಟ್ಟಿ ಗೊತ್ತಿಲ್ಲ. ಅವನ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಮನೆಯಲ್ಲೂ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಾರೆ, ಗಂಡನೂ ಸೇರಿ.

ಇನ್ನು ಹಿತ್ತಲು. ಅದರಲ್ಲಿ ನಲವತ್ತೊಂದು ಗಿಡ. ಒಂದನ್ನೂ ಸಿಸ್ಟರಮ್ಮ ದುಡ್ಡು ಕೊಟ್ಟು ತಂದದ್ದಲ್ಲ. ಗುಣವಾಗಿ ಮನೆಗೆ ಹೊರಟ ರೋಗಿಗಳು ಕೈಗೆ ನೋಟು ತುರುಕಲು ಬಂದರೆ ಅವರು ಕಣ್ಣು ಕೆಂಪಗೆ ಮಾಡುತ್ತಿದ್ದರು. ಅಷ್ಟು ಕೊಡಲೇಬೇಕು ಅನ್ನಿಸಿದರೆ ನಿಮ್ಮ ಮನೆಯ ಗಿಡದ ಒಂದು ಕಡ್ಡಿ ತಂದುಕೊಡಿ ಎನ್ನುತ್ತಿದ್ದರು. ಜನ ತಂದರು. ಹಾಗಾಗಿ ಆ ಹಿತ್ತಲಿನಲ್ಲಿ ಗಿಡಗಳಿಗೆ ಗಿಡದ ಹೆಸರಿಲ್ಲ. ಬಾವಿಕಟ್ಟೆಯ ಪಕ್ಕದ ಕೆಂಪು ದಾಸವಾಳದ ಹೆಸರು ಲಾರಿ ಡ್ರೈವರ್, ಎರಡೂ ಕಾಲು ಮುರಿದುಕೊಂಡು ಬಂದು ನಡೆದುಕೊಂಡು ಹೋದವನು. ಮುಳ್ಳು ಜಾಸ್ತಿ, ಹೂವು ಕಮ್ಮಿ ಇರುವ ಗುಲಾಬಿ ಪಿತ್ತಕೋಶದ ಮೇಷ್ಟ್ರು. ನಿಂಬೆಗಿಡ ಅವಳಿಜವಳಿ ತಾಯಿ. ಮೂಲೆಯ ಸೇವಂತಿಗೆ ಮಾತ್ರ ಬರೀ ಅಜ್ಜಿ. ಆ ಅಜ್ಜಿ ಮನೆಗೆ ಹೋಗಲಿಲ್ಲ. ಅಜ್ಜಿಯ ಮಗಳು ತಿಂಗಳಾದ ಮೇಲೆ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಿದ್ದಳು.

ಚಳಿ ಮುಗಿದು ಚಿಗುರುವ ಕಾಲ ಬಂತೆಂದರೆ ಹೊರಗಿನವರಿಗೆ ಚೆಂದ. ಗಿಡ ಸಾಕಿದವರನ್ನು ಕೇಳಿ ನೋಡಿ. ಉದುರಿದ ಎಲೆ ಗುಡಿಸಬೇಕು, ಒಣಕಡ್ಡಿ ಕತ್ತರಿಸಬೇಕು, ಗಟ್ಟಿಯಾದ ಮಣ್ಣು ಅಗೆದು ಸಡಿಲಿಸಬೇಕು, ಪಾತಿ ಕಟ್ಟಬೇಕು, ಕಳೆ ಕೀಳಬೇಕು, ಕುಂಡದ ಮಣ್ಣು ಬದಲಿಸಬೇಕು, ಬೇಲಿಗೆ ತಂತಿ ಬಿಗಿಯಬೇಕು, ಗೊಬ್ಬರ ಕೊಡಬೇಕು. ಎಲ್ಲ ಒಂದೇ ತಿಂಗಳಲ್ಲಿ. ಕಳೆಯಂತೂ ಇವತ್ತು ಕಿತ್ತರೆ ನಾಳೆ ನೆಂಟರನ್ನೂ ಕರೆದುಕೊಂಡು ಬರುತ್ತದೆ.

ಹೋದ ವರ್ಷ ಇದೇ ಹೊತ್ತಿಗೆ ಊಟಕ್ಕೆಂದು ಅಂಗಡಿಯಿಂದ ತಮ್ಮ ಬಂದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಚಮಚ ಹುಡುಕ್ತಿದ್ದೀನಿ ಎಂದರು. ಚಮಚವನ್ನು ಯಾರೂ ಅಂಗಾತ ಮಲಗಿ ಹುಡುಕುವುದಿಲ್ಲ ಎಂದು ತಮ್ಮನಿಗೆ ಗೊತ್ತಿತ್ತು. ಈ ವರ್ಷ ಎಲೆ ಉದುರಲು ಶುರುವಾದದ್ದೇ ತಡ, ಹಿತ್ತಲಿನಿಂದ ಮನೆಯೊಳಕ್ಕೆ ಧೂಳು ಬರುತ್ತಿದೆ, ಇಡೀ ಜಾಗಕ್ಕೆ ಸಿಮೆಂಟ್ ಬಿಲ್ಲೆ ಹಾಸಿಬಿಡೋಣ, ಬೇಕಾದರೆ ನಾಲ್ಕು ಕುಂಡ ಇಟ್ಟುಕೋ ಎಂದುಬಿಟ್ಟ. ನಲವತ್ತೊಂದು ಜನರಲ್ಲಿ ನಾಲ್ವರನ್ನು ಆರಿಸುವುದು ಹೇಗೆ? ಸಿಸ್ಟರಮ್ಮನ ಮೈಯೆಲ್ಲ ಉರಿದುಹೋಯಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟೀಚರ್ ಎದುರಿಗೇ ಪಂದ್ಯ ಕಟ್ಟಿದರು. ಈ ತಿಂಗಳ ಕೊನೆಯ ಭಾನುವಾರದೊಳಗೆ ಹಿತ್ತಲಿನ ಅಷ್ಟೂ ಕೆಲಸ ತಾನೊಬ್ಬಳೇ ಮುಗಿಸುವುದು. ಯಾರ ಸಹಾಯವೂ ಬೇಡ, ಹಗಲು ಮಲಗುವುದೂ ಇಲ್ಲ. ಮುಗಿಸಿದರೆ ಸಿಮೆಂಟಿನ ಮಾತು ಮತ್ತೆ ಎತ್ತಬಾರದು. ಸೋತರೆ ಸೋಮವಾರವೇ ಗಾರೆಯವನು ಬರಲಿ. ತಮ್ಮನೇನು ಕಡಿಮೆ? ಮರುದಿನವೇ ಒಂದು ಗಾಡಿ ಬಿಲ್ಲೆ ತರಿಸಿ ಗೇಟಿನ ಪಕ್ಕ ಪೇರಿಸಿದ.

ಮೊದಲ ವಾರ ಸಿಸ್ಟರಮ್ಮ ಹುಲಿ. ಸೀರೆ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲು ಸುತ್ತಿ, ಹಿಂಬಾಗಿಲ ಮೊಳೆಗೆ ಒಂದು ಚಾರ್ಟು ತೂಗುಹಾಕಿದರು. ವಾರ್ಡಿನಲ್ಲಿ ಮಂಚದ ಕಾಲಿಗೆ ತೂಗುತ್ತಿತ್ತಲ್ಲ, ಅಂಥದ್ದೇ. ಎಡಗಡೆ ರೋಗಿಗಳ ಹೆಸರು, ಮೇಲೆ ತಾರೀಖು, ಮಧ್ಯದಲ್ಲಿ ಯಾರಿಗೆ ಏನು ಆಗಬೇಕು ಎಂಬ ವಿವರ. ಕೆಲಸ ಮುಗಿದ ಮೇಲೆ ಟಿಕ್. ಮುಗಿಯುವ ಮುಂಚೆ ಟಿಕ್ ಹಾಕುವುದು ಅವರ ಪ್ರಕಾರ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಪಾಪ. ಕೈಕೆಳಗಿನ ಹುಡುಗಿಯರು ಹಾಗೆ ಮಾಡಿ ಸಿಕ್ಕಿಬಿದ್ದರೆ ಬೆವರಿಳಿಸಿ ಬಿಡುತ್ತಿದ್ದರು.

ಎರಡನೆಯ ವಾರಕ್ಕೆ ಹುಲಿಯ ಸೊಂಟ ಕೈಕೊಟ್ಟಿತು. ಗುದ್ದಲಿ ಎತ್ತಿದರೆ ಇಳಿಸಲಾಗದು, ಕೂತರೆ ಏಳಲಾಗದು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಒಂದು ಕ್ರಮವೇ ಬೇಕಾಯಿತು. ಮೊದಲು ಎಡಕ್ಕೆ ಹೊರಳುವುದು, ಕಾಲು ಇಳಿಬಿಡುವುದು, ಮೇಜು ಹಿಡಿಯುವುದು, ಆಮೇಲೆ ಧೈರ್ಯ ಮಾಡುವುದು. ಸೀರೆಯ ಒಳಗೆ ಬಿಗಿಯಾಗಿ ಸೊಂಟದ ಪಟ್ಟಿ ಕಟ್ಟಿದರು. ಕೆಳಗೆ ಬಿದ್ದ ಕತ್ತರಿಯನ್ನು ಕಾಲ್ಬೆರಳಲ್ಲಿ ಎತ್ತುವುದನ್ನು ಕಲಿತರು. ಟೀಚರ್ ಎದುರು ಬಂದರೆ ನಿಂತಲ್ಲೇ ನಿಂತು, ಮರದ ತುದಿಯಲ್ಲಿ ಏನೋ ಹಕ್ಕಿ ಇದೆ ಎಂಬಂತೆ ಮೇಲೆ ನೋಡುತ್ತಿದ್ದರು. ನೋವನ್ನು ಮುಚ್ಚಿಡುವ ರೋಗಿಗಳ ಆಟಗಳೆಲ್ಲ ಅವರಿಗೆ ಗೊತ್ತು. ಬೇಗ ಮನೆಗೆ ಕಳಿಸಲಿ ಎಂದು ನಗುತ್ತಾ ಮಲಗಿರುವವರು, ಡಾಕ್ಟರು ಬಂದಾಗ ಮಾತ್ರ ನೆಟ್ಟಗೆ ಕೂರುವವರು, ಅವರನ್ನೆಲ್ಲ ಎಷ್ಟು ಸಲ ಹಿಡಿದು ಬೈದಿದ್ದರೋ. ಈಗ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಾನೂ ಅದನ್ನೇ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೆ ಗೇಟಿನ ಪಕ್ಕದ ಬಿಲ್ಲೆಗಳನ್ನು ನೋಡಿದ ಕೂಡಲೇ ನಾಚಿಕೆ ಹಾರಿಹೋಗಿ ಮತ್ತೆ ಗುದ್ದಲಿ ಕೈಗೆ ಬರುತ್ತಿತ್ತು.

ಇನ್ನೊಂದು ಸಂಗತಿ ಅವರಿಗೇ ಸೋಜಿಗ. ರಾತ್ರಿ ಪಾಳಿಯಲ್ಲಿ ಥರ್ಮಾಮೀಟರ್ ಅಲುಗಿದರೂ ಎಚ್ಚರವಾಗುತ್ತಿದ್ದ ಅವರಿಗೆ ಈಗ ಜಪ್ಪಯ್ಯ ಅಂದರೂ ಏಳು ಗಂಟೆಯವರೆಗೆ ಎಚ್ಚರವಿಲ್ಲ. ಮಲಗಿದರೆ ಹೆಣದ ನಿದ್ದೆ. ಎದ್ದು ಹಿತ್ತಲಿಗೆ ಹೋದರೆ ಕೆಲಸ ತಾವು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿರುತ್ತಿತ್ತು. ನಿನ್ನೆ ಅರ್ಧ ಬಿಟ್ಟಿದ್ದ ಎಲೆರಾಶಿ ಬುಟ್ಟಿ ಸೇರಿದೆ. ಮೇಷ್ಟ್ರ ಬುಡದ ಕಳೆ ಕಿತ್ತಾಗಿದೆ. ಬೇಲಿಯ ತಂತಿಯನ್ನಂತೂ ಯಾರೋ ಅಳತೆ ಹಿಡಿದು ಕಟ್ಟಿದ ಹಾಗೆ ಒಂದೇ ಸಮ ಬಿಗಿದಿದೆ. ನಾನೇ ಮಾಡಿದೆನೇ? ಮಾಡಿರಬೇಕು, ಸುಸ್ತಿನಲ್ಲಿ ನೆನಪಿಲ್ಲ. ಅರವತ್ತೆರಡಾದರೂ ಕೈ ಇನ್ನೂ ಚುರುಕಾಗಿದೆ ಎಂದು ಅವರು ಒಳಗೊಳಗೇ ಬೀಗಿದರು.

ಅದೇ ದಿನಗಳಲ್ಲಿ ಟೀಚರ್ ಊಟದ ಮೇಜಿನ ಮೇಲೆ ಒಂದು ಲೆಕ್ಕ ಇಟ್ಟಳು. ಮನೆಯಲ್ಲಿ ಮೂರು ಜನ, ಮೂವರಿಗೂ ಎಲ್ಲೂ ನೋವಿಲ್ಲವಂತೆ, ಆದರೆ ನೋವಿನ ಮುಲಾಮು ವಾರಕ್ಕೆ ಎರಡು ಟ್ಯೂಬು ಖಾಲಿಯಾಗುತ್ತಿದೆ, ಎಲ್ಲಿ ಹೋಯಿತು ಹೇಳಿ ಎಂದಳು. ಸಿಸ್ಟರಮ್ಮ ತಟ್ಟೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ತಮ್ಮನೂ ತಟ್ಟೆ ನೋಡಿದ. ಅಕ್ಕ ತನ್ನದೇ ಕಳ್ಳತನದ ಗಾಬರಿಯಲ್ಲಿ ಅದನ್ನು ಗಮನಿಸಲಿಲ್ಲ.

ಮೂರನೆಯ ಸೋಮವಾರ ಗೊಬ್ಬರದ ದಿನ. ಅಂಗಡಿಯಿಂದ ತಂದ ಹರಳು ಗೊಬ್ಬರ, ಗಿಡಕ್ಕೆ ಒಂದೇ ಚಮಚ, ಬುಡದಿಂದ ಗೇಣು ದೂರ ಮಣ್ಣಿಗೆ ಬೆರೆಸಿ ನೀರು. ಅದು ಖಾರದ ಔಷಧಿ, ಹೆಚ್ಚಾದರೆ ಬೇರು ಸುಡುತ್ತದೆ. ಸಿಸ್ಟರಮ್ಮ ಮೋಡ ಕವಿದ ಬೆಳಿಗ್ಗೆ ಎಂಟಕ್ಕೆ, ಬುಡದ ತೇವ ಕಂಡು ರಾತ್ರಿ ಹನಿ ಬಿದ್ದಿರಬೇಕು ಎಂದುಕೊಂಡು, ಶುರು ಮಾಡಿ, ನಲವತ್ತೊಂದು ಸಲ ಬಗ್ಗಿ ನಲವತ್ತೊಂದು ಸಲ ಎದ್ದು, ಹನ್ನೊಂದಕ್ಕೆ ಮುಗಿಸಿ, ಟಿಕ್ ಹಾಕಲೆಂದು ಚಾರ್ಟಿನ ಮುಂದೆ ನಿಂತರು. ಟಿಕ್ ಆಗಲೇ ಇತ್ತು. ನಲವತ್ತೊಂದೂ, ಒಂದೂ ಬಿಡದೆ.

ನಿನ್ನೆ ಸಂಜೆ ಚಾರ್ಟಿನಲ್ಲಿ ಇವತ್ತಿನ ಕೆಲಸ ಬರೆಯುವಾಗಲೇ ಟಿಕ್ಕನ್ನೂ ಹಾಕಿಬಿಟ್ಟೆನೇ? ನಾನು? ಥೂ, ಏನಿದು ಎಂದು ತಮ್ಮನ್ನು ತಾವೇ ಬೈದುಕೊಂಡು ಒಳಗೆ ಹೋಗಿ, ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಚಹಾದ ಲೋಟಕ್ಕೆ ಇನ್ನೊಮ್ಮೆ ಸಕ್ಕರೆ ಹಾಕಿದರು. ಅದು ಪಾಯಸದಷ್ಟು ಸಿಹಿಯಾಗಿತ್ತು.

ಗುರುವಾರಕ್ಕೆ ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿತು. ಶುಕ್ರವಾರಕ್ಕೆ ಲಾರಿ ಡ್ರೈವರನ ಮೊಗ್ಗು ಉದುರಿತು, ನಿಂಬೆಯ ಹೊಸ ಚಿಗುರು ಬಾಡಿತು. ಶನಿವಾರ ಬೆಳಿಗ್ಗೆ ಮೂಲೆಯ ಅಜ್ಜಿ ತಲೆ ಕೆಳಗೆ ಹಾಕಿತ್ತು. ಸಿಸ್ಟರಮ್ಮ ಪುಟ್ಟ ಮಣೆಯ ಮೇಲೆ ಕೂತು, ಬೆರಳಿಂದ ಮಣ್ಣು ಕೆದಕಿದರು. ಕರಗದ ಹರಳು ಇನ್ನೂ ಇದ್ದವು, ಒಂದು ಚಮಚಕ್ಕಿಂತ ಎಷ್ಟೋ ಜಾಸ್ತಿ. ಅವರಿಗೆ ರೋಗ ಗೊತ್ತಾಗಲು ಡಾಕ್ಟರು ಬೇಕಿರಲಿಲ್ಲ. ಎರಡೆರಡು ಡೋಸು ಬಿದ್ದಿದೆ. ನಲವತ್ತೊಂದು ಜನಕ್ಕೂ.

ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಅವರ ಕೈಯಿಂದ ಹೀಗಾಗಿರಲಿಲ್ಲ. ಹಾಗಾದರೆ ಭಾನುವಾರವೇ ಗೊಬ್ಬರ ಕೊಟ್ಟು, ಟಿಕ್ ಹಾಕಿ, ಅಷ್ಟನ್ನೂ ಮರೆತು ಸೋಮವಾರ ಮತ್ತೆ ಕೊಟ್ಟಿದ್ದೇನೆ. ಎಲೆ ಗುಡಿಸಿದ್ದು ನೆನಪಿಲ್ಲ, ಕಳೆ ಕಿತ್ತದ್ದು ನೆನಪಿಲ್ಲ, ಬೇಲಿ ಕಟ್ಟಿದ್ದು ನೆನಪಿಲ್ಲ. ಹೆಮ್ಮೆಪಟ್ಟದ್ದೆಲ್ಲ ಈಗ ತಿರುಗಿ ನಿಂತು ಹೆದರಿಸಿತು. ಸೊಂಟ ಹೋದರೆ ಹೋಗಲಿ, ಪಟ್ಟಿ ಕಟ್ಟಬಹುದು. ತಲೆಗೆ ಯಾವ ಪಟ್ಟಿ ಕಟ್ಟುವುದು? ಅವರು ಮಣೆಯ ಮೇಲೆ ಕೂತೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಕ್ಕಿ ನೋಡುವ ನಾಟಕ ಮಾಡುವ ಶಕ್ತಿಯೂ ಉಳಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮೂವರೂ ಕೂತಾಗ ಸಿಸ್ಟರಮ್ಮ ಚಾರ್ಟನ್ನು ತಂದು ಮೇಜಿನ ಮೇಲಿಟ್ಟರು.

"ಗಾರೆಯವನಿಗೆ ಸೋಮವಾರ ಬಾ ಅಂತ ಹೇಳಿಬಿಡು" ಎಂದರು ತಮ್ಮನಿಗೆ. "ನಾನು ಸೋತೆ. ಮೈ ದಣಿದಿದೆ ಅಂತ ಅಲ್ಲ. ಎರಡು ಸಲ ಔಷಧಿ ಕೊಟ್ಟು ಮರೆತುಬಿಟ್ಟಿದ್ದೀನಿ. ಇಂಥ ಕೈಗೆ ಇನ್ನು ಯಾರ ಜೀವವನ್ನೂ ಕೊಡಬಾರದು."

ತಮ್ಮ ತುತ್ತು ಬಾಯಿಗೆ ಒಯ್ದವನು ಹಾಗೇ ಕೆಳಗಿಟ್ಟ. ಗೆದ್ದವನ ಮುಖ ಹಾಗಿರುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನಿಗೆ ಬೇಕಾದದ್ದೇ ಸಿಗುತ್ತಿತ್ತು, ಸೋಮವಾರದೊಳಗೆ ಹಿತ್ತಲು ಬಟಾಬಯಲು. ಹೆಂಡತಿಯ ಕಡೆ ನೋಡಿದ. ಟೀಚರ್ ಉತ್ತರ ಗೊತ್ತಿದ್ದೂ ಹೇಳದ ಹುಡುಗನನ್ನು ನೋಡುವ ಹಾಗೆ ಅವನನ್ನೇ ನೋಡುತ್ತಿದ್ದಳು.

"ಅಕ್ಕ, ನೀನು ಏನೂ ಮರೆತಿಲ್ಲ" ಎಂದ ಕೊನೆಗೆ. "ಟಿಕ್ ಹಾಕಿದ್ದು ನಾನು. ಗೊಬ್ಬರ ಹಾಕಿದ್ದೂ ನಾನೇ, ನೀನು ಏಳೋ ಮುಂಚೆ."

ಆಮೇಲೆ ಎಲ್ಲ ಹೊರಬಿತ್ತು. ಎರಡನೆಯ ವಾರ ಅಕ್ಕ ಕಾಲ್ಬೆರಳಲ್ಲಿ ಕತ್ತರಿ ಎತ್ತುವುದನ್ನು ಅವನು ಕಿಟಕಿಯಿಂದ ನೋಡಿದ್ದ. ಮುಖಾಮುಖಿ ಸಹಾಯಕ್ಕೆ ಹೋದರೆ ಪಂದ್ಯ ಮುರಿಯುತ್ತದೆ, ಅಕ್ಕ ರಂಪ ಮಾಡುತ್ತಾಳೆ. ಹಾಗಾಗಿ ದಿನಾ ಐದಕ್ಕೆ ಎದ್ದು ಕಳ್ಳನಂತೆ ಹಿತ್ತಲಿಗಿಳಿದು ಒಂದೂವರೆ ಗಂಟೆ ಕೆಲಸ ಮಾಡಿ, ಕೈತೊಳೆದು, ಮತ್ತೆ ಬಂದು ಹೊದ್ದು ಮಲಗುತ್ತಿದ್ದ. ಅಂಗಡಿಯಲ್ಲಿ ತೂಕಡಿಸಿ ಒಬ್ಬ ಗಿರಾಕಿಯ ಬಲಗಣ್ಣಿನ ಗಾಜನ್ನು ಎಡಗಡೆಗೆ ಕೂರಿಸಿದ್ದೂ ಆಯಿತು. ಗೊಬ್ಬರದ ದಿನ, ಟಿಕ್ ನೋಡಿದರೆ ಅಕ್ಕ ಆಗಿದೆ ಅಂದುಕೊಂಡು ಸುಮ್ಮನಾಗುತ್ತಾಳೆ, ನಲವತ್ತೊಂದು ಸಲ ಬಗ್ಗುವುದು ತಪ್ಪುತ್ತದೆ ಎಂದು ಅವನ ಲೆಕ್ಕ. ಅಕ್ಕ ಕೆಲಸ ಮುಗಿಸಿದ ಮೇಲೆಯೇ ಚಾರ್ಟು ನೋಡುವವಳು ಎಂಬುದು ಕನ್ನಡಕದ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು?

ಸಿಸ್ಟರಮ್ಮನಿಗೆ ಮೊದಲು ಬಂದದ್ದು ಕೋಪವಲ್ಲ. ತಲೆಯ ಮೇಲಿಂದ ದೊಡ್ಡ ಹೊರೆ ಇಳಿದ ಹಾಗೆ ಒಂದು ಉದ್ದನೆಯ ಉಸಿರು ಹೊರಟಿತು. ಕೋಪ ಹಿಂದೆಯೇ ಬಂತೆನ್ನಿ. ಡೋಸು ಕೊಟ್ಟವರು ಬಾಯಿಬಿಟ್ಟು ಹೇಳದಿದ್ದರೆ ವಾರ್ಡಿನಲ್ಲಿ ಹೆಣ ಬೀಳುತ್ತದೆ ಎಂದು ಹಿಗ್ಗಾಮುಗ್ಗಾ ಬೈದರು. ತಮ್ಮ ತಲೆ ತಗ್ಗಿಸಿ ಬೈಸಿಕೊಂಡ. ಬೈಗುಳದ ಮಧ್ಯೆ ಒಂದು ಪ್ರಶ್ನೆ ಹೊಳೆದು ಅವರು ತಟ್ಟನೆ ನಿಂತರು. ಹಿತ್ತಲು ಬೇಡವೆಂದವನು ಅದಕ್ಕೆ ಯಾಕೆ ದುಡಿದೆ ಎಂದು ಕೇಳಿದರು.

"ಹಿತ್ತಲು ಬೇಡ ಅಂತ ನನಗೇನಿತ್ತು?" ಎಂದ ಅವನು. "ಹೋದ ವರ್ಷ ನೀನು ನೆಲದ ಮೇಲೆ ಬಿದ್ದಿದ್ದೆ. ಮಣ್ಣು ಇರೋವರೆಗೂ ನೀನು ಕೂರೋವಳಲ್ಲ. ಅದಕ್ಕೇ ಸಿಮೆಂಟು ಅಂದೆ."

ಅಡುಗೆಮನೆಯ ನಲ್ಲಿ ತೊಟಕ್ ತೊಟಕ್ ಎನ್ನುತ್ತಿತ್ತು. ಸಿಸ್ಟರಮ್ಮ ಅದನ್ನು ಬಿಗಿ ಮಾಡುವ ನೆಪದಲ್ಲಿ ಎದ್ದು ಹೋಗಿ, ಬಿಗಿಯಾದ ಮೇಲೂ ಇನ್ನೊಮ್ಮೆ ತಿರುಗಿಸಿದರು. ತೀರ್ಪು ಕೊಟ್ಟದ್ದು ಟೀಚರ್. ಸಹಾಯ ಪಡೆದದ್ದರಿಂದ ಅತ್ತಿಗೆ ಸೋತರು, ಸಹಾಯ ಮಾಡಿದ್ದರಿಂದ ಗಂಡನೂ ಸೋತ, ಇಬ್ಬರಿಗೂ ಸೊನ್ನೆ, ಈಗ ತಟ್ಟೆ ಎತ್ತಿ ಹೊರಗೆ ನಡೆಯಿರಿ ಎಂದಳು.

ಮಧ್ಯಾಹ್ನವೆಲ್ಲ ಚಿಕಿತ್ಸೆ ನಡೆಯಿತು. ಮಣ್ಣು ಕೆದಕಿ ಉಳಿದ ಹರಳು ಆರಿಸಿ ತೆಗೆಯುವುದು, ಆಮೇಲೆ ಖಾರ ಆಳಕ್ಕೆ ಇಳಿದುಹೋಗುವಷ್ಟು ನೀರು ಹೊಯ್ಯುವುದು, ವಿಷ ಕುಡಿದವರ ಹೊಟ್ಟೆ ತೊಳೆದ ಹಾಗೆ. ತಿರುಪು ಹಿಡಿದ ಕೈಯಾದ್ದರಿಂದ ಹರಳು ಹೆಕ್ಕುವುದರಲ್ಲಿ ತಮ್ಮ ಜಾಣ, ಸಾಲದ್ದಕ್ಕೆ ಅಂಗಡಿಯ ಭೂತಗನ್ನಡಿಯನ್ನು ಬೇರೆ ಕಣ್ಣಿಗೆ ಏರಿಸಿದ್ದ. ಟೀಚರ್ ಬಕೆಟ್ಟು ಹೊತ್ತಳು. ಸಿಸ್ಟರಮ್ಮ ಮಣೆಯ ಮೇಲೆ ಕೂತು ಅಪ್ಪಣೆ ಕೊಟ್ಟರು, ಸೊಂಟದ ಪಟ್ಟಿಯನ್ನು ಈಗ ಸೀರೆಯ ಮೇಲೆಯೇ ಕಟ್ಟಿಕೊಂಡು.

ಮರುದಿನ ಕೊನೆಯ ಭಾನುವಾರ. ಬೆಳಿಗ್ಗೆ ಸಿಸ್ಟರಮ್ಮ ಚಾರ್ಟು ಕೈಯಲ್ಲಿ ಹಿಡಿದು ತಮ್ಮನನ್ನು ಹಿತ್ತಲಿಗೆ ಕರೆದರು. ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಪಾಳಿ ಮುಗಿಯಿತೆಂದು ಯಾರೂ ಹಾಗೇ ಚೀಲ ಎತ್ತಿಕೊಂಡು ಹೋಗುವಂತಿಲ್ಲ. ಮುಂದಿನ ಪಾಳಿಯವರನ್ನು ಒಂದೊಂದೇ ಮಂಚದ ಮುಂದೆ ನಿಲ್ಲಿಸಿ, ಈ ರೋಗಿ ಯಾರು, ಏನು ಕೊಟ್ಟಾಗಿದೆ, ಏನು ಕೊಡಬೇಕು, ರಾತ್ರಿ ಹೇಗಿದ್ದ ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ತೆಗೆದುಕೊಳ್ಳುವವರು ತಗೊಂಡೆ ಎನ್ನಬೇಕು. ಆ ಮಾತು ಬಾರದೆ ಹೋಗುವಂತಿಲ್ಲ. ನಿವೃತ್ತಿಯ ದಿನ ಸಿಸ್ಟರಮ್ಮ ವಾರ್ಡನ್ನು ಹಾಗೆಯೇ ಒಪ್ಪಿಸಿ ಬಂದಿದ್ದರು. ಮನೆಯಲ್ಲಿ ಮಾತ್ರ ಈವರೆಗೆ ಯಾರಿಗೂ ಏನನ್ನೂ ಒಪ್ಪಿಸಿರಲಿಲ್ಲ.

ತಮ್ಮನ ಹೆಗಲ ಮೇಲೆ ಭಾರ ಹಾಕಿಕೊಂಡು ಅವರು ಒಂದೊಂದೇ ಗಿಡದ ಮುಂದೆ ನಿಂತರು. ಲಾರಿ ಡ್ರೈವರ್ ಪರವಾಗಿಲ್ಲ, ಗಟ್ಟಿ ಜೀವ, ನೀರು ಮಾತ್ರ. ತಗೊಂಡೆ ಎಂದ ತಮ್ಮ. ಪಿತ್ತಕೋಶದ ಮೇಷ್ಟ್ರಿಗೆ ಸಿಟ್ಟು ಜಾಸ್ತಿ, ಕೈಗವಸು ಹಾಕಿಕೊಂಡು ಮಾತಾಡಿಸು. ತಗೊಂಡೆ. ಅವಳಿಜವಳಿ ತಾಯಿಗೆ ಚಿಗುರು ಹೋಗಿದೆ, ಗಾಬರಿ ಬೇಡ, ಮತ್ತೆ ಬರುತ್ತೆ. ತಗೊಂಡೆ. ಅಜ್ಜಿಯ ಬುಡದ ಒಣ ಎಲೆ ಸರಿಸಲು ತಮ್ಮನಿಗೆ ಹೇಳಿದರು. ಬುಡದಲ್ಲಿ ಉಗುರಿನಷ್ಟು ಹಸಿರು ಉಳಿದಿತ್ತು. ಇದು ಸೀರಿಯಸ್, ದಿನಕ್ಕೆರಡು ಸಲ ನೋಡು, ಈ ಸಲ ಮನೆಗೆ ಕಳಿಸೋಣ ಎಂದರು. ತಮ್ಮ ಅದಕ್ಕೆ ಮಾತ್ರ ಮೆಲ್ಲಗೆ ತಗೊಂಡೆ ಎಂದ. ಅರ್ಧ ಹಿತ್ತಲು ಆಗುವಷ್ಟರಲ್ಲಿ ಅವನು ಹೆಸರುಗಳನ್ನು ತಾನೇ ಹೇಳತೊಡಗಿದ್ದ. ಗೇಟಿನ ಪಕ್ಕದ ಬಿಲ್ಲೆಗಳನ್ನು ಪಾತಿಗಳ ನಡುವೆ ಕಾಲುದಾರಿಗೆ ಹಾಸಬಹುದು, ಉಳಿದದ್ದರಲ್ಲಿ ಸೊಂಟದೆತ್ತರಕ್ಕೆ ಒಂದು ಕಟ್ಟೆ ಕಟ್ಟಿದರೆ ಕುಂಡಗಳಿಗೆ ಬಗ್ಗುವುದು ತಪ್ಪುತ್ತದೆ ಎಂದೂ ಸೂಚಿಸಿದ. ನೋಡೋಣ ಎಂದರು ಸಿಸ್ಟರಮ್ಮ. ಅವರ ಬಾಯಲ್ಲಿ ಅದು ಒಪ್ಪಿಗೆಯೇ.

ನಲವತ್ತೊಂದೂ ಮುಗಿಯಿತು. ತಮ್ಮ ಚಾರ್ಟಿಗೆ ಕೈ ಚಾಚಿದ. ಅಕ್ಕ ಕೊಡಲಿಲ್ಲ.

"ಇನ್ನೊಬ್ಬ ಪೇಷಂಟ್ ಇದ್ದಾಳೆ" ಎಂದರು. "ಹೆಂಗಸು, ಅರವತ್ತೆರಡು ವರ್ಷ. ಸೊಂಟ ಪೂರ್ತಿ ಹೋಗಿದೆ. ಹತ್ತು ದಿನ ಮಲಗಬೇಕು. ನೋವಿದೆಯಾ ಅಂತ ಕೇಳಿದರೆ ಇಲ್ಲ ಅಂತಾಳೆ. ನಂಬಬೇಡ."

ತಮ್ಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ದಿನವಿಡೀ ಗಾಜು ಒರೆಸುವ ಕೈಗೆ ಅದನ್ನು ಒರೆಸಲು ಸುಮಾರು ಹೊತ್ತು ಹಿಡಿಯಿತು.

"ತಗೊಂಡೆ ಅಕ್ಕ" ಎಂದ.

ಸಿಸ್ಟರಮ್ಮ ಚಾರ್ಟನ್ನು ಅವನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು, ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದರು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಗಡಿಯಾರದಲ್ಲಿ ಹತ್ತೂವರೆ. ಮಲಗಿದರು. ಟೀಚರ್ ಮುಲಾಮು ಹಿಡಿದುಕೊಂಡು ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು.